ದುಭಾಷಿಯ ‘ನಾನು’

ಗಡಿ ಕಚೇರಿಯ ಮುಚ್ಚಿದ ಕೋಣೆಯಲ್ಲಿ ಆದದ್ದನ್ನು, ಭಾಷೆಯನ್ನು ಅರೆಬರೆ ಬಲ್ಲ ಹೆಂಗಸೊಬ್ಬಳ ಕಿವಿಯನ್ನಷ್ಟೇ ನಂಬಿ ಹೇಳಹೊರಟಿರುವುದಕ್ಕೆ ಕ್ಷಮೆಯಿರಲಿ.

ಫೋನಿನಲ್ಲಿದ್ದ ದುಭಾಷಿ ಸುಳ್ಳು ಹೇಳುತ್ತಿದ್ದಳು. ಗ್ರಿಸೆಲ್ಡಾಳಿಗೆ ಮುಕ್ಕಾಲು ಪಾಲು ಖಾತ್ರಿಯಿತ್ತು. ಉಳಿದ ಕಾಲು ಪಾಲು ಎಂದಿನ ಅಳುಕು: ಸಂಜೆ ತರಗತಿಯಲ್ಲಿ ಎರಡು ವರ್ಷ ಕಲಿತ ತನ್ನ ಮಾಮ್ ಭಾಷೆ ಎಷ್ಟರದು?

ಮೇಜಿನ ಆಚೆ ಅಮೆರಿಕದ ಗಡಿ ಅಧಿಕಾರಿ. ಈಚೆ, ಗ್ವಾಟೆಮಾಲದ ಬೆಟ್ಟದೂರಿನಿಂದ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಜೀವ ಉಳಿಸಿಕೊಳ್ಳಲು ಓಡಿಬಂದ ಫೆರ್ಮಿನಾ. ಅವಳ ಪರ ವಾದಿಸಲು ಗ್ರಿಸೆಲ್ಡಾ. ಈ ದೇಶದಲ್ಲಿರುವ ಬಂಧುವೊಬ್ಬರ ವಿಳಾಸ ಕೊಟ್ಟರೆ ಮೂವರೂ ಒಳಗೆ. ಇಲ್ಲದಿದ್ದರೆ ಐದು ಗಂಟೆಗೆ ಗಡಿ ಸೇತುವೆಯಾಚೆಗೆ ವಾಪಸ್ಸು.

ಸ್ಪ್ಯಾನಿಷ್ ಸಾಲದು, ಫೆರ್ಮಿನಾಳ ಬೆಟ್ಟದ ಮಾಮ್ ಆಡುವವರೇ ಬೇಕು ಎಂದು ಗ್ರಿಸೆಲ್ಡಾ ಬೆಳಗಿನಿಂದ ಪಟ್ಟು ಹಿಡಿದಿದ್ದಳು. ದೇಶವೆಲ್ಲ ಜಾಲಾಡಿದಾಗ ಸಿಕ್ಕವಳು ಫೋನಿನ ಈ ದುಭಾಷಿಯೊಬ್ಬಳೇ. ಅವಳ ಹೆಸರು ಇವರಿಗೆ ಗೊತ್ತಿಲ್ಲ, ಇವರ ಹೆಸರು ಅವಳಿಗೆ ಗೊತ್ತಿಲ್ಲ, ಅದು ನಿಯಮ. ದುಭಾಷಿ ಸ್ವಂತ ಮಾತು ಆಡುವಂತಿಲ್ಲ. ಅವಳು ‘ನಾನು’ ಎಂದರೆ ಫೆರ್ಮಿನಾ ಎಂದೇ ಲೆಕ್ಕ.

ಬಂಧುಗಳಿದ್ದಾರೆಯೇ ಎಂದು ಅಧಿಕಾರಿ ಕೇಳಿದ. ಅಕ್ಕ ಇದ್ದಾಳೆ ಎಂದಳು ಫೆರ್ಮಿನಾ. ತಾನು ಒಂಬತ್ತು ವರ್ಷದವಳಿದ್ದಾಗ ಕಹಳೆ ಊದುವವನ ಜೊತೆ ಉತ್ತರಕ್ಕೆ ಓಡಿಹೋದವಳು. ಹತ್ತೊಂಬತ್ತು ವರ್ಷವಾಯಿತು, ಸುದ್ದಿಯಿಲ್ಲ.

ಹೇಗಿದ್ದಳು ಎಂದು ಕೇಳಿದ ಅಧಿಕಾರಿ.

“ಬಾಯಿಬಡುಕಿ,” ಎಂದಳು ಫೆರ್ಮಿನಾ ಮಾಮ್‌ನಲ್ಲಿ. “ಅವಳು ಬೇಯ್ಸಿದ್ ರೊಟ್ಟೀನ ನಾಯೀನೂ ಮೂಸ್ತಿರ್ಲಿಲ್ಲ.”

ಫೋನು ಕೆಮ್ಮಿತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿತು: “ನಮ್ಮಕ್ಕ ಮಿತಭಾಷಿ. ಅವಳ ಕೈಯಡುಗೆ ಅಂದ್ರೆ ಊರಿಗೆಲ್ಲಾ ಆಸೆ.”

ಗ್ರಿಸೆಲ್ಡಾ ಫೋನಿನತ್ತ ಬಾಗಿದಳು. ತಾನೇ ತಪ್ಪು ಕೇಳಿಸಿಕೊಂಡೆನೇ?

ನೋಡಲು ಹೇಗಿದ್ದಳು?

“ಬಣ್ಣ ಪರವಾಗಿಲ್ಲ. ಮೂಗು ಮಾತ್ರ ಆಲೂಗಡ್ಡೆ.”

ಫೋನಿನಿಂದ ಗಂಟಲಲ್ಲಿ ಸಿಕ್ಕಿಕೊಂಡ ನಗುವಿನಂಥ ಸದ್ದು. “ಮೂಗು ಮುಖಕ್ಕೆ ಒಪ್ಪೋ ಹಾಗಿತ್ತು,” ಎಂದಿತು ಇಂಗ್ಲಿಷಿನಲ್ಲಿ.

ಗ್ರಿಸೆಲ್ಡಾ ಎದ್ದುನಿಂತಳು. “ದುಭಾಷೀನ ಬದಲಾಯ್ಸಿ ಸಾರ್. ಇವಳು ಬಾಯಿಗೆ ಬಂದದ್ದು ಹೇಳ್ತಿದ್ದಾಳೆ.”

ಅಧಿಕಾರಿ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷ. “ಈ ಭಾಷೆಯೋರೇ ಬೇಕು ಅಂತ ಹಟ ಹಿಡಿದೋರು ನೀವೇ ಅಲ್ವಾ ಮೇಡಂ?”

ಅವಳು ಕುಳಿತಳು. ಎಲ್ಲ ತನ್ನಿಂದಲೇ ಕೆಟ್ಟಿತು ಎನ್ನಿಸಿತು.

ಅಧಿಕಾರಿ ಕೊನೆಯ ಪ್ರಶ್ನೆ ಕೇಳಿದ: ಆ ಅಕ್ಕ ಈಗ ಎಲ್ಲಿದ್ದಾಳೆ?

ಫೆರ್ಮಿನಾ ಪ್ರಶ್ನೆ ಮಾಮ್‌ಗೆ ತಿರುಗುವುದನ್ನು ಕಾಯುತ್ತ ಫೋನನ್ನೇ ನೋಡಿದಳು. ಅದು ಮಾಮ್‌ಗೆ ತಿರುಗಲೇ ಇಲ್ಲ. ಫೋನು ನೇರ ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ ಹೇಳಿತು:

“ನಾನಿರೋದು ನೆಬ್ರಾಸ್ಕಾದಲ್ಲಿ, ವಿಳಾಸ ಬರ್ಕೊಳ್ಳಿ ಸಾರ್. ಮೂರು ಕೋಣೆ ಇದೆ, ಮಕ್ಕಳಿಗೂ ಜಾಗ ಇದೆ. ಕಾರು ತಗೊಂಡು ಈಗಲೇ ಹೊರಟೆ.”

ಅಧಿಕಾರಿ ಊರು, ಬೀದಿ, ಮನೆ ಸಂಖ್ಯೆ ಎಲ್ಲವನ್ನೂ ಕೇಳಿ ಬರೆದುಕೊಂಡ. ಕೆಳಗೆ, ಹೇಳಿದವರು ಯಾರು ಎಂಬಲ್ಲಿ ‘ಫೆರ್ಮಿನಾ’ ಎಂದು ಬರೆಯಹೋಗಿ ಪೆನ್ನು ನಿಲ್ಲಿಸಿದ.

ಫೆರ್ಮಿನಾ ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

ನಿಯಮ ಮುರಿದ ದುಭಾಷಿಯ ಕೆಲಸ ಉಳಿಯಿತೋ ಹೋಯಿತೋ, ಅದು ಮಾತ್ರ ಗೊತ್ತಿಲ್ಲ.