ಇರ್ಲಿ ಅಂತ

"ಆಪರೇಷನ್ ಮಾಡಿಸಿದ್ರೆ ಮಗಳು ಎಲ್ಲಾರಂಗೆ ಆಯ್ತಾಳಾ, ಡಾಕ್ಟ್ರೇ?" ಎಂದು ಸುಬ್ರಮಣಿ ಕೇಳಿದ.

ಹೊಸೂರಿನ ಆ ಮಕ್ಕಳ ಡಾಕ್ಟರು ಸುಳ್ಳು ಹೇಳಲಿಲ್ಲ. ಹೃದಯದೊಳಗಿನ ತೂತು ಮುಚ್ಚುತ್ತದೆ, ಉಸಿರಾಟ ಸಲೀಸಾಗುತ್ತದೆ, ಆದರೆ ಡೌನ್ ಸಿಂಡ್ರೋಮ್ ಹೋಗುವಂಥದ್ದಲ್ಲ ಎಂದರು. ಅದು ಅಂಟಿದ ರೋಗವಲ್ಲ. ಬಸುರಿನಲ್ಲಿ ಮೂಡುವಾಗಲೇ ಮೈಯ ಕಣಕಣಕ್ಕೂ ಒಂದು ವರ್ಣತಂತು ಹೆಚ್ಚಾಗಿ ಸೇರಿಕೊಂಡಿದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಕೂರುವುದು, ನಡೆಯುವುದು, ಮಾತಾಡುವುದು ಎಲ್ಲ ತಡ, ಕಲಿಸಿದರೆ ಕಲಿಯುತ್ತಾಳೆ. ಇಂಥ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ, ತಡಮಾಡಿದರೆ ಆಮೇಲೆ ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದು ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಐದು ತಿಂಗಳ ಸಿಂಧು ತಾಯಿ ಮುನಿರತ್ನಳ ಮಡಿಲಲ್ಲಿದ್ದಳು. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಬೆವೆತು, ಸುಸ್ತಾಗಿ, ಮೊಲೆ ಬಿಟ್ಟುಬಿಡುತ್ತಿದ್ದಳು.

ತಮ್ಮೂರು ಜೂಜುವಾಡಿಗೆ ಬರುವ ಬಸ್ಸಿನಲ್ಲಿ ಸುಬ್ರಮಣಿ ಆ ಚೀಟಿಯನ್ನು ಬಿಚ್ಚಿ ಮಡಚುತ್ತಿದ್ದ. ಗಡಿಯ ರಸ್ತೆಯಲ್ಲಿ ಲಾರಿಗಳಿಗೆ ಪಂಚರ್ ಹಾಕುವವನು ಅವನು. ಕೆಟ್ಟಿದ್ದನ್ನು ಸರಿಮಾಡುವುದು ಗೊತ್ತಿತ್ತು. ಸರಿಹೋಗದ್ದಕ್ಕೆ ಯಾಕೆ ಕೈಹಾಕಬೇಕೋ ಹೊಳೆಯಲಿಲ್ಲ. ಮನೆಯಲ್ಲಿ ಅವನ ತಾಯಿ ರಾಮಕ್ಕ, ಗ್ರಹಣದ ದಿನ ಸೊಸೆ ಹೊರಗೆ ಬಂದಿದ್ದನ್ನೇ ಮತ್ತೆ ಎತ್ತಿದಳು. ಅಂಗೈಯಗಲದ ಎದೆ, ಅದನ್ನು ಕೊಯ್ಯುವುದೆಂದರೇನು, ಇಂಥವು ನಿಲ್ಲುವ ಕೂಸುಗಳಲ್ಲ, ಇದ್ದಷ್ಟು ದಿನ ಮಡಿಲಲ್ಲೇ ಇದ್ದು ಹೋಗಲಿ ಎಂದಳು. ಹೇಳುವಾಗ ಅವಳ ಕಣ್ಣೂ ಒದ್ದೆಯಾಗಿತ್ತು.

"ಅಮ್ಮ ಹೇಳೋದೂ ದಿಟ ಅಲ್ವಾ?" ಎಂದ ಸುಬ್ರಮಣಿ, ಹೆಂಡತಿಯ ಮುಖ ನೋಡದೆ. "ಸರಿಹೋಗಲ್ಲ ಅಂದ್ಮೇಲೆ ಯಾಕೆ ಕೊಯ್ಸಬೇಕು?"

ಮಗುವಿನ ಕುತ್ತಿಗೆ ಒರೆಸುತ್ತಿದ್ದ ಮುನಿರತ್ನ ಕೈ ನಿಲ್ಲಿಸಿದಳು.

"ಸರಿಹೋಗ್ಲಿ ಅಂತ ಅಲ್ಲ. ಇರ್ಲಿ ಅಂತ."

ಬೆಂಗಳೂರಿಗೆ ಹೊರಟ ಬೆಳಿಗ್ಗೆ ಮಗುವಿನ ಬಟ್ಟೆಯನ್ನು ಗಂಟು ಕಟ್ಟಿಕೊಟ್ಟವಳು ರಾಮಕ್ಕನೇ.

ಎದೆಯ ನಡುವೆ ಹೊಲಿಗೆ ಹಾಕಿಸಿಕೊಂಡ ಸಿಂಧು ವಾರಗಟ್ಟಲೆ ಆಸ್ಪತ್ರೆಯಲ್ಲಿ ನರಳಿ ಮನೆಗೆ ಬಂದಳು. ವರ್ಷ ತುಂಬಿದ ಮೇಲೆ ಆಸರೆಯಿಲ್ಲದೆ ಕೂತಳು. ಎರಡು ಮುಗಿಯುವ ಹೊತ್ತಿಗೆ ಗೋಡೆ ಹಿಡಿದು ನಿಂತಳು. ಡಾಕ್ಟರು ತೋರಿಸಿಕೊಟ್ಟ ಕಸರತ್ತನ್ನು ಅಜ್ಜಿಯೇ ತಪ್ಪದೆ ಮಾಡಿಸುತ್ತಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ಸಿಂಧು ಅಪ್ಪನ ಅಂಗಡಿಯ ನೆರಳಲ್ಲಿ, ಚಾಪೆಯ ಮೇಲೆ, ಬರೀ ಚಡ್ಡಿಯಲ್ಲಿ ಆಡುತ್ತಿದ್ದಳು. ಪಂಚರ್ ಹಾಕಿಸಲು ನಿಂತಿದ್ದ ಕೋಲಾರದ ಕಡೆಯ ಲಾರಿ ಡ್ರೈವರ್ ಒಬ್ಬ ಅವಳ ಮುಖವನ್ನು ನೋಡಿದ. ಎದೆಯ ಮೇಲಿನ ಉದ್ದನೆಯ ಗೆರೆಯನ್ನು ನೋಡಿದ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಏನಾಗಿತ್ತು ಎಂದು ಕೇಳಿದ. ಹೃದಯದಲ್ಲಿ ತೂತಿತ್ತು, ಕೂಸಾಗಿದ್ದಾಗಲೇ ಮುಚ್ಚಿಸಿದೆವು ಎಂದ ಸುಬ್ರಮಣಿ, ಕೆಲಸ ನಿಲ್ಲಿಸದೆ.

ಡ್ರೈವರ್ ಅವಳತ್ತ ಕೈ ಚಾಚಿದ. ಸಿಂಧು ಅವನ ತೋರುಬೆರಳನ್ನು ಹಿಡಿದುಕೊಂಡಳು.

"ನಮ್ಮನೇಲೂ ಇಂಥವ್ನೇ ಒಬ್ಬ ಇದ್ದ ಕಣಣ್ಣ," ಎಂದ ಅವನು. "ತುಟಿ ನೀಲಿಗೆ ತಿರುಗೋದು. ಇಂಥ ಮಕ್ಳು ಹಂಗೇ ಅಂದ್ರು ನಮ್ಮೂರ ಡಾಕ್ಟ್ರು. ನಾವು ಇನ್ನೊಬ್ಬರನ್ನ ಕೇಳ್ಲೇ ಇಲ್ಲ."

ಟೈರು ಏರಿಸಿ, ನಟ್ಟು ಬಿಗಿದು, ಸುಬ್ರಮಣಿ ಕೈ ಒರೆಸಿಕೊಂಡು ನಿಂತ. ಹೊರಡಬಹುದು ಎಂದೂ ಹೇಳಿದ. ಡ್ರೈವರ್ ಆ ಪುಟ್ಟ ಮುಷ್ಟಿಯಿಂದ ಬೆರಳು ಬಿಡಿಸಿಕೊಳ್ಳಲಿಲ್ಲ.