ಅಜ್ಜಾರಿಗೊಂದು ಪಾಲು

ಬಾಯಿಬಿಟ್ಟು ಹೇಳಿದರೆ ಚಟ ಅರ್ಧ ಇಳಿಯುತ್ತಿತ್ತು. ಇಳಿದ ಆ ಅರ್ಧ ಕೇಳಿಸಿಕೊಂಡವರಿಗೆ ಅಂಟುತ್ತಿತ್ತು. ಅದಕ್ಕೇ ಊರಿನಲ್ಲಿ ಯಾರೂ ಹೆಂಡತಿಗೆ ಹೇಳುತ್ತಿರಲಿಲ್ಲ, ಮಠದ ಸ್ವಾಮಿಗಳಾದ ಅಜ್ಜಾರಿಗೆ ಹೇಳಿ ಬರುತ್ತಿದ್ದರು.

ಕದ್ದು ಕುಡಿಯುತ್ತಿದ್ದ ಫಕೀರೇಶನೂ ಇವತ್ತು ಹೇಳಿಬಿಡೋಣವೆಂದೇ ಬಂದಿದ್ದ. ಆದರೆ ಎದುರಿಗೆ ಕೂತ ಅಜ್ಜಾರ ಹೆಬ್ಬೆರಳು ಬರೀ ಅಂಗೈಯಲ್ಲಿ ಇಲ್ಲದ ತಂಬಾಕು ತಿಕ್ಕುತ್ತಿತ್ತು. ಯಾರದೋ ಪಾಲು. ಜನ್ಮದಲ್ಲಿ ಎಲೆ ಅಡಿಕೆ ಮುಟ್ಟದ ಮನುಷ್ಯ! ಇವರ ಗಂಟಲಿಗೆ ಇನ್ನು ಸಾರಾಯಿಯ ದಾಹವನ್ನೂ ಹಚ್ಚುವುದೇ?

"ಯಾಕಪಾ ಹೀರೋ, ಎಂಟ್ರಿ ಜೋರ್ ಇತ್ತು. ಡೈಲಾಗ್ ಎಲ್ಲಿ?"

"ಸೆನ್ಸಾರ್ ಆತ್ರಿ ಅಜ್ಜಾರ. ಸುಮ್ನ ದರ್ಶನಕ್ಕ ಬಂದೆ."

"ಸುಳ್ಳ ಹೇಳೂ ಆಕ್ಟಿಂಗ್ ನಿನಗ ಬರೂದಿಲ್ಲ. ನನ್ನ ಮ್ಯಾಲ ಕನಿಕರ ಬಂತೇನು?"

ಫಕೀರೇಶ ತಲೆ ತಗ್ಗಿಸಿದ. "ನೀವು ಯಾರಿಗೆ ಹೇಳ್ತೀರಿ ಅಜ್ಜಾರ?"

ತಿಕ್ಕುತ್ತಿದ್ದ ಹೆಬ್ಬೆರಳು ನಿಂತಿತು. "ಇಷ್ಟ ವರ್ಷದಾಗ ಯಾರೂ ಕೇಳಿದ್ದಿಲ್ಲ ನೋಡು."

"ಹಂಗಾರ ಇವತ್ತ ಪಾರ್ಟ್ ಅದಲಿ ಬದಲಿ. ನಾ ಸ್ವಾಮಿ, ನೀವು ಭಕ್ತರು. ಹೇಳ್ರಿ."

ಅಜ್ಜಾರು ನಕ್ಕರು. ನಗು ಮುಗಿಯುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು. ತಂಬಾಕಿನ ಆಸೆಯನ್ನು ಮೆಲ್ಲಗೆ, ನಾಚಿಕೊಂಡು ಹೇಳಿದರು. ಫಕೀರೇಶನ ಹೆಬ್ಬೆರಳು ತಾನಾಗಿಯೇ ಅಂಗೈ ತಿಕ್ಕತೊಡಗಿತು.

ಅಜ್ಜಾರು ನೆಟ್ಟಗೆ ಕೂತು ಎರಡೂ ಕೈ ಚಾಚಿದರು.

"ಒಂದೀಟು ಜಾಗ ಖಾಲಿ ಆತು. ಈಗ ನಿಂದು ಹಾಕಪಾ."