ಗುಣವಾದವಳ ಹಾಡು

ಹಾಡು ಔಷಧಿಯಾದ ಮೇಲೆ ಡಾಕ್ಟರ ಚೀಟಿಯಿಲ್ಲದೆ ಗುಂಪಿನಲ್ಲಿ ಹಾಡುವುದು ಅಪರಾಧವಾಗಿತ್ತು. ಮೂರು ವರ್ಷ ಮಂಕು ಹಿಡಿದು ಮೂಲೆ ಸೇರಿದ್ದ ಶಾವಂತ್ರೆವ್ವ ಆಸ್ಪತ್ರೆಯ ಹಾಡಿನ ಗುಂಪಿನಲ್ಲಿ ಹಾಡುತ್ತಲೇ ಎದ್ದು ಕೂತವಳು. ಆ ಬೆಳಿಗ್ಗೆ ಡಾಕ್ಟರು ಅವಳ ಮಿದುಳಿನ ಚಿತ್ರ ನೋಡಿ, "ಎಲ್ಲಾ ಕಡೆ ಬೆಳಕು ಬಂದೈತಿ. ನೀವು ಗುಣಾದ್ರಿ, ಚೀಟಿ ವಾಪಸ್ ಕೊಡ್ರಿ," ಎಂದರು.

"ಇವತ್ತು ಹೊಟ್ಟಿ ತುಂಬ್ತಂತ ನಾಳಿನ ರೊಟ್ಟಿನೂ ಕಸಗೋತೀರೇನ್ರೀ?" ಎಂದವಳೇ ತನ್ನ ಜಾಗದಲ್ಲಿ ಕೂತು ಹಾಡು ಎತ್ತಿದಳು. ಉಳಿದ ಹನ್ನೊಂದು ಜನ ದನಿಗೂಡಿಸಿದರು.

ಡಾಕ್ಟರು ಕಾವಲುಗಾರನನ್ನು ಕರೆಸಿದರು. ಆದರೆ ಹಾಡು ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದೆಂಬುದು ಆಸ್ಪತ್ರೆಯದೇ ನಿಯಮ; ಅವನು ಬಾಗಿಲಲ್ಲಿ ಕಾದ. ಕೊನೆಯ ಸಾಲು ಬರುತ್ತಲೇ ಪಕ್ಕದ ಇಮಾಂಬಿ ಶಾವಂತ್ರೆವ್ವನ ಕೈ ಹಿಡಿದು, "ಮುಗಸಬ್ಯಾಡ್ರೇ, ಮೊದಲಿಂದ ಹಾಡ್ರಿ!" ಎಂದು ಕೂಗಿದಳು. ಹನ್ನೆರಡು ದನಿ ಮತ್ತೆ ಮೊದಲ ಸಾಲಿಗೆ ಹೊರಳಿದವು.

ಮಧ್ಯಾಹ್ನವಾದರೂ ಹಾಡು ಮುಗಿಯಲಿಲ್ಲ. ಕಾವಲುಗಾರ ಸ್ಟೂಲು ತರಿಸಿಕೊಂಡ.